ಮಂದದೃಷ್ಟಿ ಬಂದ ಮೇಲೂ ಕನ್ನಡ ಓದುವುದು ಹೇಗೆ: ಮನೆಮಂದಿಗೊಂದು ಸಮಗ್ರ ಮಾರ್ಗದರ್ಶಿ

ಒಂದು ದಿನ ಬೆಳಗ್ಗೆ ಅಮ್ಮ ಪೇಪರ್ ಹಿಡಿದುಕೊಂಡು "ಬೆಳೆ ಬೆಲೆ ಕುಸಿತ" ಎಂದು ಜೋರಾಗಿ ಓದಿದಳು. ಅಪ್ಪ ಗಾಬರಿಯಾಗಿ ಪೇಪರ್ ಇಸ್ಕೊಂಡು ನೋಡಿದರು. ಅಲ್ಲಿ ಇದ್ದದ್ದು "ಬೇಳೆ ಬೆಲೆ ಕುಸಿತ". ತೊಗರಿಬೇಳೆಯ ಸುದ್ದಿ. ಅಕ್ಷರದ ಪಕ್ಕದ ದೀರ್ಘದ ಗುರುತು ಅಮ್ಮನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅವಳು ಏನೂ ಹೇಳದೆ ಪೇಪರ್ ಮಡಚಿಟ್ಟು ಒಳಗೆ ಹೋದಳು. ಆಮೇಲೆ ಎರಡು ವರ್ಷ ಪೇಪರ್ ಮುಟ್ಟಲಿಲ್ಲ.

ಎರಡೂ ಕಣ್ಣಿನ ಮ್ಯಾಕ್ಯುಲಾ, ಅಂದರೆ ಕಣ್ಣಿನ ಒಳಪರದೆಯಾದ ರೆಟಿನಾದ ನಡುಭಾಗ, ಸವೆದಿತ್ತು. ವಯಸ್ಸಿನ ಕಾಯಿಲೆ. ನಾವು ತೋರಿಸಿದ ಆಸ್ಪತ್ರೆಯಲ್ಲಿ "ಇನ್ನೇನೂ ಮಾಡೋಕಾಗಲ್ಲ" ಎಂದು ಹೇಳಿ ಕಳಿಸಿದರು. ನಾವೂ ನಂಬಿ ಸುಮ್ಮನಾದೆವು. ಆ ಮಾತು ನಿಜವೇ ಇರಬಹುದು, ಆದರೆ ಅದು ರೆಟಿನಾದ ಬಗ್ಗೆ ಹೇಳಿದ ಮಾತು. ಓದಿನ ಬಗ್ಗೆ ಅಲ್ಲ. ಈ ವ್ಯತ್ಯಾಸ ನಮಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಬೇರೊಂದು ಕಡೆಯ ಲೋ ವಿಷನ್ (ಮಂದದೃಷ್ಟಿ) ವಿಭಾಗದಲ್ಲಿ ಒಬ್ಬ ಹುಡುಗಿ ಅಮ್ಮನ ಪಕ್ಕ ಒಂದು ಗಂಟೆ ಕೂತು ಲೆನ್ಸ್, ದೀಪ, ಕಪ್ಪು ಪಟ್ಟಿ ಒಂದೊಂದಾಗಿ ಕೊಟ್ಟು ನೋಡಿದಳು. ಅವತ್ತು ಅಮ್ಮ ನಾಲ್ಕು ಸಾಲು ಓದಿದಳು. ಅಲ್ಲಿಂದ ಇಲ್ಲಿಯವರೆಗೆ ನಾವು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಆ ಎರಡು ವರ್ಷ ನಿಮ್ಮದು ಉಳಿಯಲಿ.

ಮಂದದೃಷ್ಟಿ ಅಂದರೆ ಯಾವುದು

ಕನ್ನಡಕ ಹಾಕಿದರೂ, ಔಷಧಿ ಆಪರೇಷನ್ ಎಲ್ಲ ಆದರೂ ಪೂರ್ತಿ ಸರಿಹೋಗದ ನೋಟ ಮಂದದೃಷ್ಟಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದಕ್ಕೊಂದು ಲೆಕ್ಕ ಇಟ್ಟಿದೆ. ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ನೋಟ, ಕನ್ನಡಕ ಹಾಕಿದ ಮೇಲೂ, 6/18ರಿಂದ ಕೆಳಗೆ 3/60ರವರೆಗೆ ಇರಬೇಕು. ಇಲ್ಲವೇ ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಕುಗ್ಗಿರಬೇಕು. 6/18 ಅಂದರೆ, ಬೇರೆಯವರಿಗೆ 18 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ 6 ಮೀಟರ್ ಹತ್ತಿರ ಬಂದರೆ ಮಾತ್ರ ಕಾಣುತ್ತದೆ.

ಇದು ಕುರುಡಲ್ಲ. ಇವರು ಮನೆಯಲ್ಲಿ ಓಡಾಡುತ್ತಾರೆ, ಹೂವು ಕೊಯ್ಯುತ್ತಾರೆ, ಆದರೆ ಮಾತ್ರೆಯ ಹೆಸರು ಓದಲಾರರು. ಅದಕ್ಕೇ ಎಷ್ಟೋ ಸಲ ಮನೆಯವರು "ಅದು ಕಾಣುತ್ತೆ, ಇದು ಕಾಣಲ್ವಾ?" ಎಂದು ಕೇಳಿಬಿಡುತ್ತಾರೆ. ನಾವೂ ಕೇಳಿದ್ದೆವು. ಎರಡೂ ನಿಜವೇ.

ಓದು ಎಲ್ಲಿ ತಪ್ಪುತ್ತದೆ

ಓದುವಾಗ ಕಣ್ಣು ಸಾಲಿನ ಮೇಲೆ ನುಣ್ಣಗೆ ಜಾರುವುದಿಲ್ಲ. ಹಾರುತ್ತದೆ, ಸುಮಾರು ಕಾಲು ಸೆಕೆಂಡ್ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ನಿಂತಾಗ ಚೆನ್ನಾಗಿ ಕಾಣುವ ಜಾಗ ಬಹಳ ಚಿಕ್ಕದು. ಕೈ ಪೂರ್ತಿ ಚಾಚಿ ಹೆಬ್ಬೆರಳು ನೋಡಿ. ಆ ಉಗುರಿನಷ್ಟು ಅಗಲ, ಅಷ್ಟೇ. ಮ್ಯಾಕ್ಯುಲಾದ ನಡುಭಾಗದ ಕೆಲಸ ಅದು.

ವಯಸ್ಸಿನ ಮ್ಯಾಕ್ಯುಲಾ ಕಾಯಿಲೆ, ಚಿಕ್ಕ ವಯಸ್ಸಿನಲ್ಲೇ ಬರುವ ಸ್ಟಾರ್‌ಗಾರ್ಟ್ ಕಾಯಿಲೆ, ಶುಗರ್‌ನಿಂದ ಹಾಳಾದ ರೆಟಿನಾ, ಇವುಗಳಲ್ಲಿ ಏಟು ಬೀಳುವುದು ಆ ಜಾಗಕ್ಕೇ. ನೇರ ನೋಡಿದ ಅಕ್ಷರ ಮಾಯವಾಗುತ್ತದೆ, ಅಕ್ಕಪಕ್ಕದವು ಉಳಿಯುತ್ತವೆ. ಅಂಚಿನ ನೋಟಕ್ಕೆ ಇನ್ನೊಂದು ತೊಂದರೆ ಇದೆ. ಅಲ್ಲಿ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ಕಲಸಿಹೋದಂತೆ ಕಾಣುತ್ತವೆ. ಹಾಗಾಗಿ ಬರೀ ದೊಡ್ಡದು ಮಾಡಿದರೆ ಸಾಲದು, ಬಿಡಿಸಿ ಬರೆಯಬೇಕು.

ಗ್ಲಾಕೋಮಾ ಮತ್ತು ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಉಲ್ಟಾ. ಕೊಳವೆಯೊಳಗಿಂದ ನೋಡಿದಂತೆ ನಡು ಉಳಿದು ಸುತ್ತಲಿನದು ಹೋಗುತ್ತದೆ. ಇವರಿಗೆ ಅಕ್ಷರ ಕಾಣುತ್ತದೆ, ಮುಂದಿನ ಸಾಲು ಎಲ್ಲಿ ಶುರು ಅನ್ನುವುದು ಸಿಗುವುದಿಲ್ಲ. ಇವರಿಗೆ ಬೇಕಿಲ್ಲದಷ್ಟು ದೊಡ್ಡದು ಮಾಡಿಕೊಟ್ಟರೆ ಕೊಳವೆಯೊಳಗೆ ಒಂದೇ ಅಕ್ಷರ ಉಳಿದು ಓದು ಇನ್ನೂ ನಿಧಾನವಾಗುತ್ತದೆ. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ಎರಡೂ ಕಣ್ಣಿನ ಒಂದೇ ಪಕ್ಕ ಕಾಣುವುದಿಲ್ಲ. ಎಡ ಹೋದವರು ಸಾಲಿನ ಮೊದಲು ಹುಡುಕುತ್ತಾರೆ. ಬಲ ಹೋದವರಿಗೆ ಮುಂದೆ ಬರುವ ಪದ ಕಾಣುವುದಿಲ್ಲ, ಅವರ ಓದು ಜಾಸ್ತಿ ಕುಂಟುತ್ತದೆ. ಕಣ್ಣಿನ ಪೊರೆ, ಕಾರ್ನಿಯಾದ (ಕಣ್ಣಿನ ಮುಂಭಾಗದ ತಿಳಿ ಪದರದ) ಕಲೆ ಇದ್ದವರಿಗೆ ಎಲ್ಲವೂ ಮಂಜು ಮಂಜು, ಬೆಳಕು ಕಣ್ಣಿಗೆ ಚುಚ್ಚುತ್ತದೆ.

ಇನ್ನು ನಮ್ಮ ಕನ್ನಡದ್ದೇ ಕಷ್ಟ. ನಮ್ಮ ಲಿಪಿಯಲ್ಲಿ ಅರ್ಥ ಬದಲಿಸುವ ಗುರುತುಗಳು ತೀರಾ ಚಿಕ್ಕವು. ದ ಅಕ್ಷರದ ಕೆಳಗೊಂದು ಸೀಳು ಬಂದರೆ ಧ. ದನ ಹೋಗಿ ಧನ. ರ ನಡುವೆ ಚುಕ್ಕೆ ಇಟ್ಟಂತಿರುವುದು ಠ. ಪ, ಫ, ಷ ಮೂರೂ ದೂರದಿಂದ ಒಂದೇ. ಜೊತೆಗೆ ಒತ್ತಕ್ಷರ ಸಾಲಿನ ಕೆಳಗೆ ಕೂರುತ್ತದೆ. ಅದು ತಪ್ಪಿದರೆ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ. ಹೊರದೇಶದ ಪುಸ್ತಕಗಳ ಸಲಹೆಗಳು ಇಂಗ್ಲಿಷ್ ಅಕ್ಷರಕ್ಕೆ ಬರೆದವು. ಅವನ್ನು ಹಾಗೇ ತಂದರೆ ಕನ್ನಡಕ್ಕೆ ಕೂರುವುದಿಲ್ಲ. ಎಲ್ಲೆಲ್ಲಿ ಬದಲಿಸಬೇಕು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಮೊದಲು ಕಣ್ಣಿನ ವೈದ್ಯರು, ಆಮೇಲೆ ಭೂತಗನ್ನಡಿ

ಅಂಗಡಿಗೆ ಹೋಗಿ ಭೂತಗನ್ನಡಿ ತರುವ ಮುಂಚೆ ಪೂರ್ತಿ ಪರೀಕ್ಷೆ ಮಾಡಿಸಿ. ಪೊರೆ ತೆಗೆದರೆ ಅರ್ಧ ಸರಿಹೋಗುವವರು ಇರುತ್ತಾರೆ. ಕನ್ನಡಕದ ನಂಬರ್ ಬದಲಾಗಿ ವರ್ಷಗಟ್ಟಲೆ ಹಳೆಯದನ್ನೇ ಹಾಕಿಕೊಂಡವರೂ ಇರುತ್ತಾರೆ.

ಆಮೇಲೆ ಬಾಯಿಬಿಟ್ಟು ಕೇಳಿ: "ಲೋ ವಿಷನ್ ಕ್ಲಿನಿಕ್ ಇದೆಯಾ?" ಕೇಳದಿದ್ದರೆ ಎಷ್ಟೋ ಕಡೆ ಯಾರೂ ಹೇಳುವುದಿಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಮದುರೈನ ಅರವಿಂದ್ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಅಷ್ಟು ದೂರ ಹೋಗುವ ಮುಂಚೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ, ನಿಮ್ಮ ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ, ದೊಡ್ಡ ಕಣ್ಣಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಕನ್ನಡಕ, ಹಳೆಯ ಚೀಟಿಗಳು, ಮುಖ್ಯವಾಗಿ ಅವರು ಓದಬೇಕೆನ್ನುವ ವಸ್ತುವನ್ನೇ ತೆಗೆದುಕೊಂಡು ಹೋಗಿ. ನಾವು ಪೇಪರ್, ಬಿಪಿ ಮಾತ್ರೆಯ ಪಟ್ಟಿ, ಒಂದು ಪಂಚಾಂಗ ಒಯ್ದಿದ್ದೆವು. ಗೋಡೆಯ ಮೇಲಿನ ಚಾರ್ಟ್ ಓದುವುದಕ್ಕೂ ಪಂಚಾಂಗ ಓದುವುದಕ್ಕೂ ಬಹಳ ದೂರ.

ಹೆಜ್ಜೆ 2: ಏನು ಓದಬೇಕು ಅಂತ ಅವರನ್ನೇ ಕೇಳಿ

ಸುಮ್ನೆ "ಓದಬೇಕು" ಅಂದರೆ ಕ್ಲಿನಿಕ್‌ನವರಿಗೂ ದಾರಿ ಸಿಗುವುದಿಲ್ಲ. ಮೂರು ವಸ್ತು ಹೆಸರಿಸಲಿ. ಅಮ್ಮ ಹೇಳಿದ್ದು ಪೇಪರಿನ ಮೊದಲ ಪುಟ, ಮಾತ್ರೆಯ ಹೆಸರು, ಲಗ್ನಪತ್ರಿಕೆ. ಕಾದಂಬರಿ ಹೇಳಲಿಲ್ಲ. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ, ಅದಕ್ಕೇ ಅವರನ್ನೇ ಕೇಳಬೇಕು ಅನ್ನುವುದು.

ಮಾತ್ರೆಯ ಹೆಸರು ನೋಡುವುದು ಐದು ಸೆಕೆಂಡಿನ ಕೆಲಸ, ಜೇಬಿನ ಲೆನ್ಸ್ ಸಾಕು. ಅರ್ಧ ಗಂಟೆ ಪೇಪರ್ ಓದಲು ಕೈ ಸೋಲದಂಥದ್ದು ಬೇಕು. ಒಂದೇ ಸಾಧನದಿಂದ ಎಲ್ಲವೂ ಆಗುವುದಿಲ್ಲ.

ಹೆಜ್ಜೆ 3: ಬೆಳಕು, ಪೀಠ, ಕಪ್ಪು ಪಟ್ಟಿ

ಖರ್ಚು ಕಡಿಮೆ, ಫಲ ಜಾಸ್ತಿ ಇರುವ ಹೆಜ್ಜೆ ಇದು. ದಯವಿಟ್ಟು ಹಾರಿಸಬೇಡಿ.

ಅರವತ್ತು ವರ್ಷದವರ ರೆಟಿನಾಕ್ಕೆ ಇಪ್ಪತ್ತು ವರ್ಷದವರಿಗೆ ಮುಟ್ಟುವ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ ಮುಟ್ಟುತ್ತದೆ. ಪಾಪೆ ಚಿಕ್ಕದಾಗಿರುತ್ತದೆ, ಕಣ್ಣೊಳಗಿನ ಮಸೂರ ಹಳದಿಯಾಗಿರುತ್ತದೆ. ಹಾಗಂತ ಹಾಲ್‌ನ ಟ್ಯೂಬ್‌ಲೈಟ್ ಬದಲಿಸಿದರೆ ಪ್ರಯೋಜನ ಅಷ್ಟಕ್ಕಷ್ಟೇ. ಕುತ್ತಿಗೆ ಬಗ್ಗುವ ಎಲ್‌ಇಡಿ ಟೇಬಲ್ ಲ್ಯಾಂಪ್ ತನ್ನಿ. ಚೆನ್ನಾಗಿ ಕಾಣುವ ಕಣ್ಣಿನ ಪಕ್ಕಕ್ಕೆ ಇಡಿ. ಬಲ್ಬ್ ಕಣ್ಣಿಗೆ ಕಾಣಬಾರದು, ಬೆಳಕು ಪುಟದ ಮೇಲೆ ಮಾತ್ರ ಬೀಳಬೇಕು. ದೀಪವನ್ನು ಪುಟದ ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ದೊಡ್ಡ ಬಲ್ಬ್ ಬೇಡ, ಹತ್ತಿರ ಎಳೆಯಿರಿ. ಕಿಟಕಿಗೆ ಎದುರಾಗಿ ಕೂರಿಸಬೇಡಿ, ಬೆನ್ನು ಅಥವಾ ಪಕ್ಕ ಕಿಟಕಿಗೆ ಇರಲಿ. ಆಲ್ಬಿನಿಸಂ (ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿನಲ್ಲಿ ಬಣ್ಣ ಕಡಿಮೆ) ಇರುವವರಿಗೆ, ಪೊರೆ ಇರುವ ಕೆಲವರಿಗೆ ಬೆಳಕೇ ಶತ್ರು. ಅವರಿಗೆ ಹಳದಿ ಅಥವಾ ಕಿತ್ತಳೆ ಛಾಯೆಯ ಗಾಜು ಹಿತವಾಗಬಹುದು. ಕ್ಲಿನಿಕ್‌ನಲ್ಲಿ ಹಾಕಿ ನೋಡಿಯೇ ಆರಿಸಿ.

ಇನ್ನು ಪೀಠ. ಹತ್ತಿರ ಹಿಡಿದು ಓದುವವರು ಸೋಲುವುದು ಕಣ್ಣಿಂದಲ್ಲ, ಕುತ್ತಿಗೆಯಿಂದ. ನಮ್ಮಲ್ಲಿ ಇದಕ್ಕೆ ಹಳೆಯ ವಸ್ತುವೇ ಇದೆ, ವ್ಯಾಸಪೀಠ. ಅಜ್ಜನ ಕಾಲದ್ದು ಅಟ್ಟದಲ್ಲಿದ್ದರೆ ಇಳಿಸಿ. ನೆಲದ ಮೇಲಲ್ಲ, ಮೇಜಿನ ಮೇಲೆ, ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು ಮುಖದ ಮಟ್ಟಕ್ಕೆ ಎತ್ತರಿಸಿ. ಮೊಣಕೈ ಮೇಜಿನ ಮೇಲೆ ಊರುವಂತಿರಲಿ.

ಮೂರನೆಯದು ಕಪ್ಪು ಪಟ್ಟಿ. ಕಪ್ಪು ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ, ಹೊಳಪಿರಬಾರದು. 20 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ನಡುವೆ 15 ಸೆಂಟಿಮೀಟರ್ ಉದ್ದದ ಕಿಂಡಿ ಕೊರೆಯಿರಿ. ಪುಟದ ಮೇಲೆ ಇಟ್ಟರೆ ಒಂದೇ ಸಾಲು ಕಾಣುತ್ತದೆ. ಸುತ್ತಲಿನ ಬಿಳಿ ಕಾಗದದ ಹೊಳಪು ಮುಚ್ಚಿಹೋಗುತ್ತದೆ, ಸಾಲೂ ತಪ್ಪುವುದಿಲ್ಲ. ಇಲ್ಲಿ ಕನ್ನಡದ ಪಾಠ ಒಂದಿದೆ. ನಾನು ಮೊದಲು ಕೊರೆದ ಕಿಂಡಿ ಅಕ್ಷರದ ಎತ್ತರಕ್ಕೆ ಸರಿಯಾಗಿತ್ತು. ಒತ್ತಕ್ಷರವೆಲ್ಲ ಕಪ್ಪಿನ ಕೆಳಗೆ ಹೋಯಿತು. ಅಮ್ಮ "ಅಕ" ಎಂದು ಓದಿ ನನ್ನ ಮುಖ ನೋಡಿದಳು. ಅಲ್ಲಿದ್ದದ್ದು ಅಕ್ಕ. ಹಾಗಾಗಿ ಕಿಂಡಿ ಒಂದೂವರೆ ಸಾಲಿನಷ್ಟು ಎತ್ತರ ಇರಲಿ. "ಶಾಸ್ತ್ರ" ಅನ್ನುವ ಪದದ ಮೇಲೆ ಇಟ್ಟು ನೋಡಿ. ಎರಡೂ ಒತ್ತು ಪೂರ್ತಿ ಕಂಡರೆ ಕಿಂಡಿ ಸರಿ.

ಬಣ್ಣದ ಮೇಲೆ ಬಣ್ಣದ ಅಕ್ಷರ ಇರುವ ಕಾಗದಗಳಿಗೆ ಈ ಪಟ್ಟಿಯೂ ಸಾಲದು. ಮೆರೂನ್ ಮೇಲೆ ಚಿನ್ನದ ಅಕ್ಷರದ ಲಗ್ನಪತ್ರಿಕೆ ಎಷ್ಟೇ ದೊಡ್ಡದು ಮಾಡಿದರೂ ಕಷ್ಟ. ಅದನ್ನು ಫೋನಿಗೆ ಬಿಡಿ, ಹೆಜ್ಜೆ 7ರಲ್ಲಿ ಹೇಳುತ್ತೇನೆ.

ಹೆಜ್ಜೆ 4: ಎಷ್ಟು ಪವರ್ ಬೇಕು, ಲೆಕ್ಕ ಹಾಕಿ

ಇದನ್ನು ಕ್ಲಿನಿಕ್‌ನವರೇ ಮಾಡುತ್ತಾರೆ. ಆದರೂ ನಿಮಗೆ ಗೊತ್ತಿದ್ದರೆ ತಪ್ಪು ಲೆನ್ಸ್ ಮನೆಗೆ ಬರುವುದಿಲ್ಲ.

ಹತ್ತಿರದ ಓದಿನ ಚಾರ್ಟ್‌ನಲ್ಲಿ ಎನ್ 6, ಎನ್ 8, ಎನ್ 12 ಎಂದು ಬರೆದಿರುತ್ತದೆ. ಸಂಖ್ಯೆ ಅಕ್ಷರದ ಅಳತೆ. ಪೇಪರಿನ ಸುದ್ದಿಯ ಅಕ್ಷರ ಎನ್ 8ರ ಆಸುಪಾಸು. ಅಮ್ಮ ಸರಿಯಾದ ಕನ್ನಡಕ ಹಾಕಿ 25 ಸೆಂಟಿಮೀಟರ್ ದೂರದಲ್ಲಿ ಎನ್ 20 ಓದಿದಳು, ಅದಕ್ಕಿಂತ ಚಿಕ್ಕದು ಆಗಲಿಲ್ಲ. ಎನ್ 8 ಓದಬೇಕಾದರೆ 20 ಭಾಗಿಸು 8, ಅಂದರೆ ಎರಡೂವರೆ ಪಟ್ಟು ದೊಡ್ಡದಾಗಬೇಕು. 25 ಸೆಂಟಿಮೀಟರನ್ನು ಎರಡೂವರೆಯಿಂದ ಭಾಗಿಸಿದರೆ 10 ಸೆಂಟಿಮೀಟರ್. 100ನ್ನು ಆ ದೂರದಿಂದ ಭಾಗಿಸಿದರೆ ಲೆನ್ಸಿನ ಪವರ್: 10 ಡಯಾಪ್ಟರ್.

ಆದರೆ ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಕಷ್ಟಪಟ್ಟು ಕಾಣುವ ಅಳತೆಯಲ್ಲಿ ಯಾರೂ ಪುಟಗಟ್ಟಲೆ ಓದಲಾರರು. ಅಕ್ಷರ ಚಿಕ್ಕದಾಗುತ್ತ ಹೋದಂತೆ ಓದಿನ ವೇಗ ಸ್ವಲ್ಪ ದೂರ ಹಾಗೇ ಇರುತ್ತದೆ, ಒಂದು ಹಂತ ದಾಟಿದೊಡನೆ ದಢಕ್ಕನೆ ಬೀಳುತ್ತದೆ. ಆರಾಮವಾಗಿ ಓದಲು, ಕಾಣುವ ಅತಿ ಚಿಕ್ಕ ಅಕ್ಷರದ ಎರಡು ಪಟ್ಟಾದರೂ ಬೇಕು. ಅಂದರೆ ಪೇಪರಿಗೆ ಗುರಿ ಎನ್ 8 ಅಲ್ಲ, ಎನ್ 4. ಈಗ 20 ಭಾಗಿಸು 4, ಐದು ಪಟ್ಟು. ದೂರ 5 ಸೆಂಟಿಮೀಟರ್, ಪವರ್ 20 ಡಯಾಪ್ಟರ್. ಬಿಡಿ ಪದ ನೋಡಲು 10 ಸಾಕು, ಸುದ್ದಿ ಓದಲು 20 ಬೇಕು.

ಲೆನ್ಸಿನ ಮೇಲೆ "5 ಎಕ್ಸ್" ಅಂತ ಬರೆದಿದ್ದರೆ ಅದನ್ನೇ ನಂಬಬೇಡಿ. ಕೆಲವರು ಡಯಾಪ್ಟರನ್ನು ನಾಲ್ಕರಿಂದ ಭಾಗಿಸಿ ಬರೆಯುತ್ತಾರೆ, ಕೆಲವರು ಅದಕ್ಕೆ ಒಂದು ಸೇರಿಸಿ ಬರೆಯುತ್ತಾರೆ. ಡಯಾಪ್ಟರ್ ಎಷ್ಟು ಅಂತ ಕೇಳಿ. ಊಟದ ತಟ್ಟೆಯಂಥ ಭೂತಗನ್ನಡಿ ನೋಡಿ ಮರುಳಾಗಬೇಡಿ. ಪವರ್ ಜಾಸ್ತಿಯಾದಷ್ಟೂ ಲೆನ್ಸ್ ಚಿಕ್ಕದಾಗುತ್ತದೆ. ನಾವು ಮೊದಲು ತಂದದ್ದು ದೊಡ್ಡದೇ. ಅಕ್ಷರ ಒಂದಿಷ್ಟೂ ಬೆಳೆಯಲಿಲ್ಲ.

ಹೆಜ್ಜೆ 5: ಸಾಧನ ಆರಿಸುವುದು, ಹಿಡಿಯುವುದು

ಎರಡೂ ಕೈ ಬಿಡುವಾಗಿರಬೇಕು ಅನ್ನುವವರಿಗೆ ಜಾಸ್ತಿ ಪವರ್‌ನ ಅರೆಕನ್ನಡಕ. ಸುಮಾರು 10, 12 ಡಯಾಪ್ಟರ್‌ವರೆಗೆ ಪ್ರಿಸಂ (ಬೆಳಕನ್ನು ಪಕ್ಕಕ್ಕೆ ಬಾಗಿಸುವ ಗಾಜು) ಸೇರಿಸಿ ಎರಡೂ ಕಣ್ಣಿಂದ ನೋಡುವಂತೆ ಮಾಡುತ್ತಾರೆ. ಅದರಾಚೆ ಒಂದೇ ಕಣ್ಣು. ಪುಟ ಮೂಗಿನ ಹತ್ತಿರ ಬರುತ್ತದೆ, ಒಂದೆರಡು ವಾರ ಬೇಸರ ಆಗುತ್ತದೆ. ಸೆಂಟಿಮೀಟರ್ ದೂರ ಸರಿದರೂ ಮಸುಕು. ಹಾಗಾಗಿ ಪುಟವನ್ನು ಮೂಗಿಗೆ ತಾಗಿಸಿ, ನಿಧಾನವಾಗಿ ದೂರ ಒಯ್ದು, ಅಕ್ಷರ ಚೆನ್ನಾಗಿ ಕಂಡಲ್ಲಿ ನಿಲ್ಲಿಸಿ.

ಕೈ ಲೆನ್ಸಿಗೆ ಇನ್ನೊಂದು ಕ್ರಮ. ಲೆನ್ಸನ್ನು ಅಕ್ಷರದ ಮೇಲೆ ಮಲಗಿಸಿ, ಮೆಲ್ಲಗೆ ಎತ್ತಿ. ಅಕ್ಷರ ಬೆಳೆಯುತ್ತ ಬರುತ್ತದೆ. ಮಸುಕಾಗುವ ಮುಂಚೆ ನಿಲ್ಲಿಸಿ. ಆ ದೂರ ಬದಲಿಸಬೇಡಿ. ಈಗ ಮುಖವನ್ನು ಲೆನ್ಸಿನ ಹತ್ತಿರ ತನ್ನಿ. ಅಕ್ಷರದ ಅಳತೆ ಬದಲಾಗುವುದಿಲ್ಲ, ಒಂದೇ ನೋಟಕ್ಕೆ ಕಾಣುವ ಅಕ್ಷರಗಳು ಜಾಸ್ತಿಯಾಗುತ್ತವೆ. ಇದನ್ನು ಹೇಳಿಕೊಡದೆ ಲೆನ್ಸ್ ಕೊಟ್ಟರೆ ಅದು ಡ್ರಾಯರ್ ಸೇರುತ್ತದೆ.

ಕೈ ನಡುಗುವವರಿಗೆ ಕಾಲಿರುವ ಲೆನ್ಸ್ ಒಳ್ಳೆಯದು. ಪುಟದ ಮೇಲೆ ಇಟ್ಟು ತಳ್ಳಿದರಾಯಿತು, ದೂರ ತಾನೇ ಸರಿ ಇರುತ್ತದೆ. ಒಳಗೆ ಎಲ್‌ಇಡಿ ಇರುವುದು ಸಿಗುತ್ತದೆ, ಅದನ್ನೇ ಆರಿಸಿ. ಒಂದು ಸಣ್ಣ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಾಲಿರುವ ಲೆನ್ಸನ್ನು ಹತ್ತಿರದ ಕನ್ನಡಕ ಹಾಕಿಕೊಂಡೇ ನೋಡಬೇಕು. ಸರಿಯಾದ ದೂರದಲ್ಲಿ ಹಿಡಿದ ಕೈ ಲೆನ್ಸಿಗೆ ದೂರದ ಕನ್ನಡಕ ಸಾಕು. ಅಮ್ಮನ ಬಳಿ ಈಗ 20 ಡಯಾಪ್ಟರ್‌ನ, ದೀಪ ಇರುವ ಕಾಲಿನ ಲೆನ್ಸ್ ಇದೆ.

ಇನ್ನೂ ಜಾಸ್ತಿ ದೊಡ್ಡದು ಬೇಕಾದವರಿಗೆ ಕ್ಯಾಮೆರಾ ಮತ್ತು ಪರದೆ ಇರುವ ವಿಡಿಯೋ ಮ್ಯಾಗ್ನಿಫೈಯರ್ ಇದೆ. ಕಪ್ಪು ಮೇಲೆ ಬಿಳಿ ಅಕ್ಷರ ಮಾಡಿಕೊಡುತ್ತದೆ, ಮಂಜು ಕಣ್ಣಿನವರಿಗೆ ಅದು ದೊಡ್ಡ ಉಪಕಾರ. ಬೆಲೆ ಜಾಸ್ತಿ. ಕ್ಲಿನಿಕ್‌ನಲ್ಲಿ ಅರ್ಧ ಗಂಟೆ ಓದಿಸಿ ನೋಡದೆ ಕೊಳ್ಳಬೇಡಿ.

ಹೆಜ್ಜೆ 6: ಓರೆಗಣ್ಣಿನ ಓದು ಕಲಿಸುವುದು

ನಡುವಿನ ನೋಟ ಹೋದವರಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಲೆನ್ಸ್ ಕೊಂಡು ಇದನ್ನು ಬಿಟ್ಟರೆ ಅರ್ಧ ಕೆಲಸ ಮಾತ್ರ. ಹುಟ್ಟಿದಾಗಿನಿಂದ ಕಣ್ಣು "ನೋಡಬೇಕಾದದ್ದನ್ನು ನೇರ ನೋಡು" ಅಂತ ಕಲಿತಿದೆ. ಈಗ ಅದಕ್ಕೆ ಬೇರೆ ಕಡೆ ನೋಡಿ ಇದನ್ನು ಕಾಣು ಅಂತ ಕಲಿಸಬೇಕು. ರೆಟಿನಾದಲ್ಲಿ ಚೆನ್ನಾಗಿ ಉಳಿದಿರುವ ಒಂದು ಜಾಗ ಹುಡುಕಿ ಅಲ್ಲಿ ಅಕ್ಷರ ಬೀಳುವಂತೆ ಮಾಡುವುದು, ಇಷ್ಟೇ ತತ್ವ.

ಜಾಗ ಹುಡುಕುವುದು ಹೀಗೆ. ಒಂದು ಮೀಟರ್ ಎದುರಿಗೆ ನೀವು ಕುಳಿತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲಿರಲಿ. ಅವರು ನಿಮ್ಮ ಮೂಗನ್ನು ನೇರ ನೋಡಲಿ. ಮುಖದ ನಡು ಮಾಯವಾಗುತ್ತದೆ ಅಥವಾ ಮಸುಕಾಗುತ್ತದೆ. ಈಗ ನಿಮ್ಮ ಮುಖ ಒಂದು ಗಡಿಯಾರದ ನಡು ಎಂದುಕೊಳ್ಳಲಿ. ತಲೆ ಅಲ್ಲಾಡಿಸದೆ ಕಣ್ಣು ಮಾತ್ರ 12 ಗಂಟೆಯ ಕಡೆಗೆ, ಅಂದರೆ ನಿಮ್ಮ ತಲೆಯ ಮೇಲಕ್ಕೆ ಹೋಗಲಿ. "ಈಗ ನನ್ನ ಮೂಗು, ಬಾಯಿ ಕಾಣ್ತಾ?" ಅಂತ ಕೇಳಿ. ಆಮೇಲೆ 1, 2, 3 ಹೀಗೆ ಸುತ್ತು ಬರಲಿ. ಯಾವ ಗಂಟೆಗೆ ಮುಖ ಹೆಚ್ಚು ಸ್ಪಷ್ಟ ಅಂತ ಬರೆದಿಡಿ. ಮಾರನೆಯ ದಿನ ಮತ್ತೆ ಮಾಡಿ. ಎರಡು ಮೂರು ದಿನ ಒಂದೇ ಉತ್ತರ ಬಂದರೆ ಅದೇ ಜಾಗ. ಅಮ್ಮನಿಗೆ 12 ಗಂಟೆಗೆ ಸಿಕ್ಕಿತು. ನಾನು ಎದುರು ಕೂತಿದ್ದೆ. ಅವಳ ಕಣ್ಣು ನನ್ನ ಹಣೆಯ ಮೇಲೆ ಎಲ್ಲೋ ನೋಡುತ್ತಿತ್ತು. "ನೀನು ಇವತ್ತು ಗಡ್ಡ ಬೋಳಿಸಿಲ್ಲ" ಎಂದಳು.

ಮೇಲೆ ನೋಡಿದರೆ ನಡುವೆ ಕಾಣದಿರುವ ಜಾಗ, ಅಂದರೆ ಕಪ್ಪು ಕಲೆ, ಮೇಲಕ್ಕೆ ಸರಿಯುತ್ತದೆ, ಸಾಲು ಎಡದಿಂದ ಬಲದವರೆಗೆ ಕೆಳಗೆ ತೆರೆದುಕೊಳ್ಳುತ್ತದೆ. ಸಾಲು ಓದಲು ಇದು ಅನುಕೂಲ. ಕಲೆ ಬಲಕ್ಕೆ ಕೂತರೆ ಮುಂದಿನ ಅಕ್ಷರ ಮುಚ್ಚಿಹೋಗುತ್ತದೆ. ಅಂಥವರು ಕ್ಲಿನಿಕ್‌ನವರನ್ನು ಕೇಳಿ ಬೇರೆ ಜಾಗ ಅಭ್ಯಾಸ ಮಾಡುವುದು ಒಳ್ಳೆಯದು.

ಇನ್ನು ಅಕ್ಷರಾಭ್ಯಾಸ. ನಮ್ಮ ಒಂದನೇ ಕ್ಲಾಸಿನ ರ ಗ ಸ ದ ಅ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಗುಣಿತ ಇಲ್ಲ, ಒತ್ತು ಇಲ್ಲ. ದಪ್ಪ ಕಪ್ಪು ಮಾರ್ಕರ್‌ನಲ್ಲಿ ಒಂದು ಹಾಳೆಗೆ ಒಂದೇ ಅಕ್ಷರ ಬರೆಯಿರಿ. ಅಕ್ಷರದ ಮೇಲೆ ಎರಡು ಬೆರಳು ಬಿಟ್ಟು ಒಂದು ದಪ್ಪ ಗೆರೆ ಎಳೆಯಿರಿ. ಅವರು ಗೆರೆ ನೋಡಬೇಕು, ಅಕ್ಷರ ಹೇಳಬೇಕು. ಬಿಡಿ ಅಕ್ಷರ ಬಂದ ಮೇಲೆ ಸರ, ದರ, ಅರಸ, ಅಗಸ, ಗರಗಸ. ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆಯಿರಿ. ಆಮೇಲೆ ಗುಣಿತ, ಕೊನೆಗೆ ಒತ್ತು. ಅಲ್ಲಿಗೆ ಬಂದಾಗ ಜೋಡಿಪದ ಕೊಡಿ: ಬೆಳೆ ಮತ್ತು ಬೇಳೆ, ಕತೆ ಮತ್ತು ಕತ್ತೆ, ಹಳಿ ಮತ್ತು ಹಳ್ಳಿ, ದನ ಮತ್ತು ಧನ. ಯಾವುದು ಯಾವುದೆಂದು ಕಣ್ಣೇ ಹೇಳಬೇಕು, ಊಹೆ ನಡೆಯುವುದಿಲ್ಲ. ಬಾಯಿಪಾಠ ಬರುವ ವಚನ, ದಾಸರ ಪದ ಕೊಟ್ಟರೆ ಖುಷಿಯಾಗುತ್ತದೆ, ಆದರೆ ಅಲ್ಲಿ ಓದುವುದು ಕಣ್ಣಲ್ಲ, ನೆನಪು. ಅಭ್ಯಾಸಕ್ಕೆ ಹೊಸ ವಾಕ್ಯ ಬರೆಯಿರಿ. ನಾನು ಮನೆಯ ಸುದ್ದಿಯನ್ನೇ ಬರೆಯುತ್ತಿದ್ದೆ. "ಅಕ್ಕ ಶನಿವಾರ ಬರುತ್ತಾಳೆ." ಅದು ನಿಜವಾದ ಸುದ್ದಿ, ಅಮ್ಮನಿಗೆ ಓದಿಯೇ ಗೊತ್ತಾಗಬೇಕಿತ್ತು.

ಪೂರ್ತಿ ಸಾಲಿಗೆ ಬಂದಾಗ ಇನ್ನೊಂದು ಉಪಾಯ. ಕಣ್ಣು ಸಿಕ್ಕ ಜಾಗದಲ್ಲೇ ಕದಲದೆ ನಿಲ್ಲಲಿ. ಹಾಳೆ ಹಿಡಿದು ಬಲದಿಂದ ಎಡಕ್ಕೆ ಮೆಲ್ಲಗೆ ಸರಿಸಲಿ. ಪದಗಳು ಒಂದೊಂದಾಗಿ ಕಣ್ಣಿನ ಮುಂದೆ ಬರುತ್ತವೆ. ಸಾಲು ಮುಗಿದರೆ ಅದೇ ಸಾಲಿನಲ್ಲಿ ಹಿಂದಕ್ಕೆ ಬಂದು, ಆಮೇಲೆ ಕೆಳಗಿನ ಸಾಲಿಗೆ ಇಳಿಯಲಿ. ಓರೆಯಾಗಿ ನೇರ ಕೆಳಗಿನ ಸಾಲಿಗೆ ಹೋದರೆ ಸಾಲು ತಪ್ಪುತ್ತದೆ.

ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ತಲೆನೋವು ಬರುವವರೆಗೆ ಕೂರಿಸಬೇಡಿ. ಬೆಳಗ್ಗೆ ಒಳ್ಳೆಯದು. ಮೊದಲ ವಾರ ಅಮ್ಮನಿಗೆ ಅಳುವೇ ಬಂದಿತ್ತು. ಮೂರನೆಯ ವಾರ ಸಾಲು ಓದಿದಳು. ಕೆಲವರಿಗೆ ಇನ್ನೂ ಸಮಯ ಬೇಕು. ತಪ್ಪು ಓದಿದರೆ ತಕ್ಷಣ ತಿದ್ದಬೇಡಿ, ವಾಕ್ಯ ಮುಗಿಯಲಿ. ಎಷ್ಟೋ ಸಲ ಅವರೇ ಹಿಂದೆ ಹೋಗಿ ಸರಿ ಮಾಡಿಕೊಳ್ಳುತ್ತಾರೆ.

ಕೊಳವೆ ನೋಟದವರಿಗೆ ಇದು ಬೇಡ. ಅವರಿಗೆ ಕಪ್ಪು ಪಟ್ಟಿ, ಸಾಲಿನ ಮೊದಲಲ್ಲಿ ಬೆರಳು, ಸಾಧಾರಣ ಅಳತೆಯ ಅಕ್ಷರ. ಎಡಪಕ್ಕ ಕಾಣದವರಿಗೆ ಪುಟದ ಎಡ ಅಂಚಿನಲ್ಲಿ ಕೆಂಪು ಗೆರೆ ಎಳೆದು, ಗೆರೆ ಸಿಗುವವರೆಗೆ ಹಿಂದೆ ಬರಬೇಕೆಂದು ಹೇಳಿಕೊಡಿ.

ಹೆಜ್ಜೆ 7: ಫೋನನ್ನು ಓದುಗನ್ನಡಿ ಮಾಡುವುದು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆಯಿರಿ. ಅಕ್ಷರ ದೊಡ್ಡದು ಮಾಡುವುದು, ಪರದೆ ಹಿಗ್ಗಿಸುವ ಮ್ಯಾಗ್ನಿಫಿಕೇಶನ್, ಬಣ್ಣ ತಿರುಗಿಸುವುದು, ಬೇಕಾದ ಕಡೆ ಮುಟ್ಟಿದರೆ ಓದಿ ಹೇಳುವ ಸೆಲೆಕ್ಟ್ ಟು ಸ್ಪೀಕ್ ಎಲ್ಲ ಅಲ್ಲೇ ಇವೆ. ಗೂಗಲ್‌ನ ದನಿ ಕನ್ನಡ ಓದುತ್ತದೆ. ಐಫೋನಿನಲ್ಲಿ ಮ್ಯಾಗ್ನಿಫೈಯರ್ ಆ್ಯಪ್ ಜೊತೆಗೇ ಬರುತ್ತದೆ. ಏನೂ ಬೇಡವೆಂದರೆ ಫೋಟೋ ತೆಗೆದು ಎರಡು ಬೆರಳಿಂದ ಹಿಗ್ಗಿಸಿದರೂ ಆಯಿತು. ಚಿನ್ನದ ಅಕ್ಷರದ ಲಗ್ನಪತ್ರಿಕೆಯನ್ನು ಅಮ್ಮ ಹಾಗೇ ಓದುತ್ತಾಳೆ, ಮುಹೂರ್ತ ಎಷ್ಟು ಗಂಟೆಗೆ ಅಂತ ಯಾರನ್ನೂ ಕೇಳುವುದಿಲ್ಲ.

ನೀವೇ ಟೈಪ್ ಮಾಡಿ ಪ್ರಿಂಟ್ ಕೊಡುವುದಾದರೆ ಅಕ್ಷರ 18 ಪಾಯಿಂಟ್‌ಗೆ ಕಡಿಮೆ ಬೇಡ. ನೋಟೊ ಸಾನ್ಸ್ ಕನ್ನಡದಂಥ ಒಂದೇ ದಪ್ಪದ ಗೆರೆಯ ಅಕ್ಷರ ಆರಿಸಿ. ಸಾಲಿನ ನಡುವೆ ಒಂದೂವರೆ ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ.

ಕನ್ನಡದವರಿಗಷ್ಟೇ ಬರುವ ಒಂದು ತೊಡಕು ಹೇಳಲೇಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಕಡತಗಳು ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ನೋಡಲು ಕನ್ನಡ, ಒಳಗೆ ಬೇರೆಯೇ ಸಂಕೇತ. ಫೋನಿನ ದನಿ ಅದನ್ನು ಓದಿದರೆ ಅರ್ಥವಿಲ್ಲದ ಶಬ್ದ ಬರುತ್ತದೆ. ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಯುನಿಕೋಡ್‌ಗೆ ಪರಿವರ್ತಿಸಿದರೆ ಓದುತ್ತದೆ. ನೀವು ಏನಾದರೂ ಬರೆದು ಹಂಚುವವರಾದರೆ, ದಯವಿಟ್ಟು ಯುನಿಕೋಡ್‌ನಲ್ಲೇ ಬರೆಯಿರಿ.

ಹೆಜ್ಜೆ 8: ಉದ್ದದ ಓದನ್ನು ಕಿವಿಗೆ ಕೊಡಿ

20 ಡಯಾಪ್ಟರ್ ಲೆನ್ಸಿನಲ್ಲಿ 300 ಪುಟದ ಕಾದಂಬರಿ ಓದಿಸುವುದು ಹಿಂಸೆ. ಕೇಳಿ ಓದುವುದು ಕೀಳಲ್ಲ. ನಮ್ಮಲ್ಲಿ ಗಮಕಿಗಳು ವಾಚನ ಮಾಡಿ, ಊರಿಗೆ ಊರೇ ಕೂತು ಭಾರತ ಕೇಳಿದ್ದು ಓದಲ್ಲದೆ ಮತ್ತೇನು?

ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ 2016ರಲ್ಲಿ ಶುರುವಾಯಿತು. ಅಚ್ಚಿನ ಪುಸ್ತಕ ಓದಲಾಗದವರು ಸದಸ್ಯರಾಗಿ ಹಲವು ಭಾಷೆಗಳ ಪುಸ್ತಕಗಳನ್ನು ಕೇಳುವ, ದೊಡ್ಡ ಅಕ್ಷರದಲ್ಲಿ ಓದುವ ರೂಪದಲ್ಲಿ ಪಡೆಯಬಹುದು. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಮಾತಾಡುವ ಪುಸ್ತಕಗಳನ್ನು ಮಾಡುತ್ತದೆ. ಹೀಗೆ ಪುಸ್ತಕ ಬದಲಿಸಲು ನಮ್ಮ ಕಾನೂನು ಅವಕಾಶ ಕೊಟ್ಟಿದೆ. ಈ ವಿಷಯದ 2013ರ ಮರಾಕೇಶ್ ಒಪ್ಪಂದಕ್ಕೆ ಮೊದಲು ಅನುಮೋದನೆ ಕೊಟ್ಟ ದೇಶವೇ ಭಾರತ, 2014ರಲ್ಲಿ.

ಮಕ್ಕಳಾದರೆ

ಮಗು ಪುಸ್ತಕ ಮೂಗಿಗೆ ಹಿಡಿದರೆ ಕೈ ತಟ್ಟಬೇಡಿ. 40 ಸೆಂಟಿಮೀಟರ್‌ನಿಂದ 10ಕ್ಕೆ ತಂದರೆ ಅಕ್ಷರ ನಾಲ್ಕು ಪಟ್ಟಾಗುತ್ತದೆ. ಆ ಮಗು ಯಾರೂ ಹೇಳಿಕೊಡದೆ ತನಗೆ ಬೇಕಾದ ಲೆನ್ಸನ್ನು ತಾನೇ ಮಾಡಿಕೊಂಡಿದೆ. ಹತ್ತಿರ ಹಿಡಿದರೆ ಉಳಿದ ನೋಟ ಸವೆದುಹೋಗುತ್ತದೆ ಅನ್ನುವುದು ಸುಳ್ಳು. ಕಣ್ಣು ಅಲ್ಲಾಡುವ ಮಕ್ಕಳು ತಲೆ ಓರೆ ಮಾಡಿ ನೋಡುತ್ತಾರೆ. ಆ ಓರೆಯಲ್ಲಿ ಕಣ್ಣು ಹೆಚ್ಚು ನಿಲ್ಲುತ್ತದೆ, ತಲೆ ನೆಟ್ಟಗೆ ಮಾಡಬೇಡಿ. ಬೋರ್ಡ್ ನೋಡಲು ಕೈಯಲ್ಲಿ ಹಿಡಿಯುವ ಚಿಕ್ಕ ದೂರದರ್ಶಕ ಕೊಡಿಸಬಹುದು. ಮುಂದಿನ ಬೆಂಚ್, ಓರೆ ಇಳಿಜಾರಿನ ಡೆಸ್ಕ್ ಕೇಳಿ.

ಪರೀಕ್ಷೆಯ ವಿಷಯ ಶಾಲೆಯವರಿಗೆ ವರ್ಷದ ಮೊದಲೇ ಹೇಳಿ. ಬರೆಯುವ ಪರೀಕ್ಷೆಗಳಿಗೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಇತ್ತು, ಈಗಿನ ನಿಯಮ ಶಾಲೆಯಲ್ಲಿ ವಿಚಾರಿಸಿ. ನೋಟದ ನಷ್ಟ ಶೇ. 40 ಅಥವಾ ಹೆಚ್ಚಿದ್ದರೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿಡಿ. ದೊಡ್ಡವರಿಗೂ ಇದು ಬೇಕಾಗುತ್ತದೆ.

ಕೊನೆಗೆ ಎರಡು ಎಚ್ಚರ

ನೋಟ ಕಡಿಮೆಯಾದವರಿಗೆ ಕೆಲವೊಮ್ಮೆ ಇಲ್ಲದ್ದು ಕಾಣುತ್ತದೆ. ಗೋಡೆಯ ಮೇಲೆ ಹೂವಿನ ಬಳ್ಳಿ, ಅಂಗಳದಲ್ಲಿ ಪುಟ್ಟ ಮನುಷ್ಯರು. ಶಬ್ದ ಇರುವುದಿಲ್ಲ, ನಿಜವಲ್ಲ ಅಂತ ಅವರಿಗೇ ಗೊತ್ತಿರುತ್ತದೆ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂತ ಹೆಸರು. ಕಣ್ಣಿನಿಂದ ಬರುವುದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಮಾಡುತ್ತದೆ. ದೆವ್ವವಲ್ಲ, ಹುಚ್ಚಲ್ಲ. ಅಮ್ಮ ಇದನ್ನು ಆರು ತಿಂಗಳು ನಮಗೆ ಹೇಳದೆ ಒಳಗೇ ಹೆದರಿಕೊಂಡಿದ್ದಳು. ನೀವೇ ಮೊದಲು ಕೇಳಿ, ವೈದ್ಯರಿಗೂ ಹೇಳಿ.

ಇನ್ನೊಂದು, ಮ್ಯಾಕ್ಯುಲಾ ಕಾಯಿಲೆ ಇರುವವರ ನೋಟ ಇದ್ದಕ್ಕಿದ್ದಂತೆ ಬದಲಾದರೆ ಕಾಯಬೇಡಿ. ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ ಒಳಗೆ ದ್ರವ ಅಥವಾ ರಕ್ತ ಸೋರುತ್ತಿರಬಹುದು. ಬೇಗ ಹೋದರೆ ಇಂಜೆಕ್ಷನ್‌ನಿಂದ ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಅದೇ ದಿನ ಆಸ್ಪತ್ರೆಗೆ ಹೊರಡಿ. ಅಮ್ಮ ಪ್ರತಿ ಸೋಮವಾರ ಬೆಳಗ್ಗೆ ಕಾಫಿ ಕುಡಿದ ಮೇಲೆ ಒಂದು ಕಣ್ಣು ಮುಚ್ಚಿ ಅಡುಗೆಮನೆ ಕಿಟಕಿಯ ಸರಳು ನೋಡುತ್ತಾಳೆ, ಆಮೇಲೆ ಇನ್ನೊಂದು ಕಣ್ಣು. "ನೆಟ್ಟಗಿದೆ" ಅಂದ ಮೇಲೆ ಅಪ್ಪ ಪೇಪರ್ ತಂದುಕೊಡುತ್ತಾರೆ.